ವಿದ್ಯಾರ್ಥಿವೇತನದ ಹಾದಿ: ಶಿಫಾರಸು ಪತ್ರದಿಂದ ಆಧಾರ್ ಸಂಖ್ಯೆಯವರೆಗೆ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ಇಗರ್ಜಿಯ ಅಸ್ತಿಭಾರ, ಗೋಪುರ, ಗಂಟೆ ಹಾಗೂ ಸೇವೆ ಸಲ್ಲಿಸಿದ ಧರ್ಮಗುರುಗಳ ಹೆಸರುಗಳನ್ನು ಕ್ರಮವಾಗಿ ದಾಖಲಿಸುವುದು ವಾಡಿಕೆ. ಆ ಕಾರ್ಯವನ್ನು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರು ನೆರವೇರಿಸಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಕಲ್ಲಿನಲ್ಲಿ ಕೆತ್ತದೆ ಉಳಿದ ಇನ್ನೊಂದು ಚರಿತ್ರೆಯನ್ನು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಬಡ ಕುಟುಂಬಗಳ ಮಕ್ಕಳು ಹೈಸ್ಕೂಲು ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಲು ಬೇಕಾದ ಹಣ ಎಲ್ಲಿಂದ ಬಂತು? ಯಾರು ಕೊಟ್ಟರು? ಯಾರಿಗೆ ಸಿಕ್ಕಿತು, ಯಾರ ಕೈ ತಪ್ಪಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕೇವಲ ಗತಕಾಲದ ಸ್ಮರಣೆಯಲ್ಲ. ಈ ವರ್ಷ ಹತ್ತನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳಿಗೂ ಅದರಿಂದ ಪ್ರಯೋಜನವುಂಟು.

ದಾನಿಗಳ ಕಾಲ

ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕಾಲೇಜು ವಿದ್ಯೆಯೆಂದರೆ ಮಂಗಳೂರು ಎಂದೇ ಅರ್ಥವಾಗಿತ್ತು. ಇಟಲಿಯಿಂದ ಬಂದ ಯೇಸುಸಭೆಯ ಗುರುಗಳು 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಹೆಣ್ಣುಮಕ್ಕಳಿಗಾಗಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಆದರೆ ಬಂಟ್ವಾಳದಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಮೂಡಬಿದ್ರೆಯಿಂದ 35, ಬೆಳ್ತಂಗಡಿಯಿಂದ 60. ನಿತ್ಯ ಹೋಗಿಬರುವುದು ಅಸಾಧ್ಯವಾಗಿದ್ದುದರಿಂದ ಫೀಸಿಗಿಂತಲೂ ಊಟ, ವಸತಿಯ ಖರ್ಚೇ ಬಡವರಿಗೆ ದೊಡ್ಡ ಗೋಡೆಯಾಗಿತ್ತು.

ಆ ಗೋಡೆಯನ್ನು ದಾಟಲು ಇದ್ದ ದಾರಿಗಳು ಕೆಲವೇ. ನಗರದಲ್ಲಿ ಬಂಧುಗಳ ಮನೆಯಿದ್ದವರು ಅಲ್ಲಿ ಆಳಿನಂತೆ ದುಡಿದು ಕಲಿತರು. ಕೆಲವರಿಗೆ ಊರಿನ ಸಿರಿವಂತರು ಅಥವಾ ಕಾಲೇಜಿನ ದತ್ತಿನಿಧಿಗಳು ಆಧಾರವಾದವು. 1879ರಲ್ಲಿ ಸ್ಥಾಪನೆಯಾದ ಜೆಪ್ಪು ಸೆಮಿನರಿಯು ಗುರುಪದವಿಯನ್ನು ಬಯಸಿದ ಅನೇಕ ಗೇಣಿದಾರರ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲನ್ನೂ ತೆರೆಯಿತು. ನಾವು ಕೂಡ ಸೆಮಿನರಿಯ ಅನ್ನ ಉಂಡು ಅಕ್ಷರ ಕಲಿತವರೇ. ಅಂದಿನ ದಿನಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಯೆಂದರೆ ಬಹುಮಟ್ಟಿಗೆ ವಿಗಾರರ ಶಿಫಾರಸು ಪತ್ರ. ‘ಈ ಹುಡುಗನು ನಮ್ಮ ಧರ್ಮಕೇಂದ್ರದವನು, ಸುಶೀಲನು, ಬಡವನು’ ಎಂಬ ಮೂರು ಮಾತು, ಕೆಳಗೊಂದು ಸಹಿ ಮತ್ತು ಮುದ್ರೆ. ಅದು ಕರುಣೆಯ ಕಾಲವೇ ಹೊರತು ಹಕ್ಕಿನ ಕಾಲವಲ್ಲ. ಗುರುಗಳ ಕಣ್ಣಿಗೆ ಬಿದ್ದ ಮಗು ಓದಿತು. ಬೀಳದ ಮಗು ತೋಟಕ್ಕೆ ಹೋಯಿತು.

ಇತರ ಸಮಾಜಗಳಲ್ಲಿಯೂ ಹಿರಿಯರು ಇದೇ ನೋವನ್ನು ಕಂಡು ದುಡಿದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಸಂಸ್ಥೆ ಕಟ್ಟಿ, ಅಸ್ಪೃಶ್ಯರೆನಿಸಿದವರ ಮಕ್ಕಳನ್ನು ಶಾಲೆಗೆ ಕರೆತಂದರು. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ತೆರೆದು ವಿದ್ಯಾರ್ಥಿಗಳ ಊಟ, ವಸತಿಯ ಭಾರವನ್ನು ಹೊತ್ತರು. ಹಸಿದ ಹೊಟ್ಟೆಗೆ ಪಾಠ ಹತ್ತದೆಂಬ ಸತ್ಯವನ್ನು ಇವರೆಲ್ಲ ಅರಿತಿದ್ದರು.

ಸರಕಾರದ ಪ್ರವೇಶ

ಕೊಡುವವನ ಮರ್ಜಿಯನ್ನು ಬಿಟ್ಟು ನಿಯಮದ ಮೇಲೆ ನಿಂತ ವಿದ್ಯಾರ್ಥಿವೇತನವು ನಿಧಾನವಾಗಿ ಬಂತು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರಕಾರವು ಸ್ವಾತಂತ್ರ್ಯಕ್ಕೆ ಮುನ್ನ, 1944ರಲ್ಲಿಯೇ ಪ್ರಾರಂಭಿಸಿತ್ತು. ಪ್ರತಿಭೆ ಮತ್ತು ಬಡತನ ಎರಡನ್ನೂ ಪರಿಗಣಿಸುವ ರಾಷ್ಟ್ರೀಯ ವಿದ್ಯಾರ್ಥಿವೇತನ ಯೋಜನೆ 1961ರಲ್ಲಿ, ಸಾಲರೂಪದ ವಿದ್ಯಾರ್ಥಿವೇತನ 1963ರಲ್ಲಿ ಜಾರಿಗೆ ಬಂದವು. ಸಾಲ ಪಡೆದು ಅಧ್ಯಾಪಕ ವೃತ್ತಿಯನ್ನು ಹಿಡಿದವರಿಗೆ ಮರುಪಾವತಿಯಲ್ಲಿ ವಿನಾಯಿತಿಯಿತ್ತು.

ಇದೇ ಕಾಲದಲ್ಲಿ ಕಾಲೇಜುಗಳೂ ನಮ್ಮ ಬಳಿಗೆ ಬಂದವು. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು 1958ರಲ್ಲಿ, ಮೂಡಬಿದ್ರೆಯ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಪ್ರಾರಂಭಗೊಂಡವು. ಒಂದು ದಶಕದೊಳಗೆ ನಮ್ಮ ಮೂರೂ ಊರುಗಳ ಮಕ್ಕಳು ಮನೆಯ ಗಂಜಿ ಉಂಡು ಕಾಲೇಜಿಗೆ ಹೋಗುವಂತಾಯಿತು. ಮನೆಯ ಸಮೀಪದ ಕಾಲೇಜಿಗಿಂತ ದೊಡ್ಡ ವಿದ್ಯಾರ್ಥಿವೇತನ ಇನ್ನೊಂದಿಲ್ಲವೆಂದು ನಾವು ಹೇಳಬಲ್ಲೆವು.

ಗದ್ದೆ ಮತ್ತು ಬೀಡಿ

ಎಪ್ಪತ್ತರ ದಶಕದ ಎರಡು ಕಾನೂನುಗಳು ನಮ್ಮ ಮಕ್ಕಳ ಕಲಿಕೆಗೆ ಹಿನ್ನೆಲೆಯಲ್ಲಿ ನಿಂತು ಬಲ ಕೊಟ್ಟವು. ದೇವರಾಜ ಅರಸರ ಸರಕಾರವು 1974ರಲ್ಲಿ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿಯಿಂದ ಡಿಕ್ಲರೇಶನ್ ಕೊಟ್ಟ ಗೇಣಿದಾರನು ತಾನು ಉತ್ತ ಗದ್ದೆಗೆ ಒಡೆಯನಾದನು. ಧಣಿಗೆ ಅಳೆಯುತ್ತಿದ್ದ ಗೇಣಿ ಅಕ್ಕಿ ಮನೆಯಲ್ಲಿ ಉಳಿಯಿತು. ಮಗನನ್ನು ಶಾಲೆ ಬಿಡಿಸುವ ಅವಸರ ಕಡಿಮೆಯಾಯಿತು.

ಇನ್ನೊಂದು 1976ರ ಬೀಡಿ ಕಾರ್ಮಿಕರ ಕಲ್ಯಾಣನಿಧಿ ಕಾಯಿದೆ. ನಮ್ಮ ಮೂರು ಊರುಗಳಲ್ಲಿ ಜಾತಿಮತಭೇದವಿಲ್ಲದೆ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರೆಂಬುದು ಎಲ್ಲರೂ ಬಲ್ಲ ಮಾತು. ಆ ನಿಧಿಯಿಂದ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನವೂ ದೊರೆಯಿತು. ನಿಧಿಗೆ ಮೂಲವಾಗಿದ್ದ ಸೆಸ್ 2017ರಲ್ಲಿ ಜಿ.ಎಸ್.ಟಿ. ಬಂದಾಗ ರದ್ದಾದರೂ ವಿದ್ಯಾರ್ಥಿವೇತನವನ್ನು ಕೇಂದ್ರದ ಕಾರ್ಮಿಕ ಇಲಾಖೆಯು ಮುಂದುವರಿಸಿತು. ಇದಕ್ಕೆ ಬೇಕಾದ ಮುಖ್ಯ ದಾಖಲೆ ತಾಯಿಯ ಗುರುತಿನ ಚೀಟಿ. ಎಷ್ಟೋ ಮನೆಗಳಲ್ಲಿ ಆ ಚೀಟಿಯನ್ನು ಮಾಡಿಸದೆ, ಅಥವಾ ಮಾಡಿಸಿಯೂ ಪೆಟ್ಟಿಗೆಯ ತಳದಲ್ಲಿ ಮರೆತು, ಮಕ್ಕಳ ಪಾಲು ಕಳೆದುಹೋಗಿದೆ.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಹುಡುಗನೊಬ್ಬನು ಒಂದು ಸಂಜೆ ಅರ್ಜಿ ಹಿಡಿದು ಬಂದನು. ತಂದೆಯಿಲ್ಲ, ತಾಯಿ ಬೀಡಿ ಕಟ್ಟುವವಳು. ಒಂದು ದತ್ತಿಯ ವಿದ್ಯಾರ್ಥಿವೇತನಕ್ಕೆ ನಮ್ಮ ಸಹಿ ಬೇಕಿತ್ತು. ವಾರ್ಷಿಕ ಹಬ್ಬದ ಗಡಿಬಿಡಿಯಲ್ಲಿದ್ದ ನಾವು ‘ಹಬ್ಬ ಕಳೆದ ಮೇಲೆ ಬಾ, ಮಗು’ ಎಂದೆವು. ಅವನು ಮರುಮಾತಿಲ್ಲದೆ ಹೋದನು. ಹಬ್ಬ ಕಳೆದು ಬಂದಾಗ ಅರ್ಜಿಯ ಕೊನೆಯ ದಿನಾಂಕ ಎರಡು ದಿನಗಳ ಹಿಂದೆಯೇ ಮುಗಿದಿತ್ತು. ಕೊನೆಯ ದಿನ ಯಾವುದೆಂದು ನಾವು ಕೇಳಿರಲಿಲ್ಲ. ಹೇಳಲು ಅವನಿಗೆ ಧೈರ್ಯವಿರಲಿಲ್ಲ. ಆ ಜೂನ್ ತಿಂಗಳಲ್ಲಿ ಅವನು ಮುಂಬಯಿಯ ಬಸ್ಸು ಹತ್ತಿ ಹೋಟೆಲ್ ಕೆಲಸಕ್ಕೆ ಸೇರಿದನು. ಮುಂದೆ ದುಡಿದು ಮನೆ ಕಟ್ಟಿದನು, ಊರಿಗೆ ಮರಳಿದನು. ಮಗಳು ಪಿ.ಯು.ಸಿ. ಸೇರಿದ ವರ್ಷ ಪ್ರಮಾಣಪತ್ರಗಳ ಫೈಲನ್ನು ಹಿಡಿದು ನಮ್ಮನ್ನು ಕಾಣಲು ಬಂದನು. ‘ಫಾದರ್, ಇದರ ಕೊನೆಯ ದಿನಕ್ಕೆ ಇನ್ನೂ ಇಪ್ಪತ್ತು ದಿನ ಉಂಟು’ ಎಂದು ನಕ್ಕನು. ಅವನ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ಆ ನಗು ನಮ್ಮನ್ನು ಬಹುಕಾಲ ಕಾಡಿತು. ಅಂದಿನಿಂದ ಯಾವ ಅರ್ಜಿಯನ್ನೂ ನಾವು ಮೇಜಿನ ಮೇಲೆ ರಾತ್ರಿ ಕಳೆಯಲು ಬಿಟ್ಟಿಲ್ಲ.

ಇಂದಿನ ಕ್ರಮ

ಕೇಂದ್ರದಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು 2006ರಲ್ಲಿ ಸ್ಥಾಪನೆಯಾದ ಬಳಿಕ, 2007ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೂ 2008ರಲ್ಲಿ ಮೆಟ್ರಿಕ್ ಪೂರ್ವದ ವಿದ್ಯಾರ್ಥಿವೇತನವೂ ಆರಂಭಗೊಂಡವು. ಮೆಟ್ರಿಕ್ ಪೂರ್ವದ ಯೋಜನೆಯನ್ನು 2022-23ರಿಂದ 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಲಾಯಿತು. ಯೋಜನೆಗಳು ಬರುತ್ತವೆ, ಬದಲಾಗುತ್ತವೆ, ನಿಲ್ಲುತ್ತವೆ. ಆದುದರಿಂದ ಅಣ್ಣನಿಗೆ ಸಿಕ್ಕಿತೆಂದು ತಮ್ಮನಿಗೂ ಸಿಗುವುದೆಂದು ನಂಬಿ ಕೂರದೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು.

ಯಾವ ಮತದ ಮಕ್ಕಳಿಗೂ ದೊರೆಯಬಹುದಾದ ಯೋಜನೆಗಳಿವೆ. 2008ರಲ್ಲಿ ಆರಂಭಗೊಂಡ ಎನ್.ಎಂ.ಎಂ.ಎಸ್. ಯೋಜನೆಯಲ್ಲಿ ಸರಕಾರಿ ಹಾಗೂ ಅನುದಾನಿತ ಶಾಲೆಯ ಮಗು ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ, 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂ. ಪಡೆಯುತ್ತದೆ. ದ್ವಿತೀಯ ಪಿ.ಯು.ಸಿ.ಯಲ್ಲಿ ಉನ್ನತ ಅಂಕ ಗಳಿಸಿದ ಬಡ ವಿದ್ಯಾರ್ಥಿಗಳಿಗೆ ಪದವಿ ವ್ಯಾಸಂಗಕ್ಕಾಗಿ ಕೇಂದ್ರದ ಇನ್ನೊಂದು ಯೋಜನೆಯೂ ಉಂಟು. ಕರ್ನಾಟಕ ಸರಕಾರವು 2021ರಲ್ಲಿ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿಯನ್ನು ಪ್ರಾರಂಭಿಸಿತು. ಜಮೀನಿನ ಆರ್.ಟಿ.ಸಿ. ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಮನೆಗಳಿಗೆ ಇಂತಹ ಯೋಜನೆಗಳಲ್ಲಿ ತೊಡಕಾಗುತ್ತದೆ. ಅಜ್ಜ ಕಷ್ಟಪಟ್ಟು ಪಡೆದ ಡಿಕ್ಲರೇಶನ್ ಜಾಗವು ಮೊಮ್ಮಗಳ ಓದಿಗೆ ನೆರವಾಗಬೇಕಾದರೆ ಕುಟುಂಬದವರು ಕುಳಿತು ಖಾತೆಯನ್ನು ಸರಿಪಡಿಸಿಕೊಳ್ಳಬೇಕು.

ಪ್ರಮಾಣಪತ್ರಗಳ ವಿಷಯದಲ್ಲಿ ನಮ್ಮ ಹಿರಿಯರು ಪಟ್ಟ ಪಾಡು ಇಂದಿಲ್ಲ. ಮೂಡಬಿದ್ರೆಯವರು ಕಾರ್ಕಳದ ತಾಲೂಕು ಕಚೇರಿಗೂ, 1997ರಲ್ಲಿ ಉಡುಪಿ ಜಿಲ್ಲೆಯಾದ ಬಳಿಕ ಮಂಗಳೂರಿಗೂ ಅಲೆದರು. ಈಗ ಮೂಡಬಿದ್ರೆಯೇ ತಾಲೂಕು ಕೇಂದ್ರ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಗೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೂ ಸೇರುತ್ತಾರೆಂಬುದನ್ನು ಅರಿತಿರಬೇಕು. ರಾಜ್ಯದ ಯೋಜನೆಗಳಿಗೆ ಎಸ್.ಎಸ್.ಪಿ., ಕೇಂದ್ರದವುಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎಂಬ ಎರಡು ಬಾಗಿಲುಗಳಿವೆ. ಹಣವು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ.

ಇಲ್ಲಿಯೇ ನಮ್ಮವರಿಗೆ ಒಂದು ವಿಶೇಷ ತೊಂದರೆ. ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು, ಶಾಲೆಯಲ್ಲಿ ಬರೆಸಿದ್ದು ಮತ್ತೊಂದು. ಡಿಸೋಜ, ಡಿಸಿಲ್ವ ಮುಂತಾದ ಉಪನಾಮಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ದಾಖಲೆಯಲ್ಲಿ ಮೇಲಿನ ಅಲ್ಪವಿರಾಮ ಉಂಟು, ಇನ್ನೊಂದರಲ್ಲಿ ಇಲ್ಲ. ಮನುಷ್ಯನಾದ ಗುಮಾಸ್ತನು ಇದನ್ನು ಕ್ಷಮಿಸಿಯಾನು, ಯಂತ್ರವು ಕ್ಷಮಿಸದು. ಅಂಕಪಟ್ಟಿ, ಆಧಾರ್, ಪಾಸ್ ಪುಸ್ತಕ ಈ ಮೂರರಲ್ಲಿಯೂ ಹೆಸರು ಒಂದೇ ರೀತಿ ಇರುವಂತೆ ಒಂಬತ್ತನೆಯ ತರಗತಿಯಲ್ಲಿಯೇ ನೋಡಿಕೊಳ್ಳುವುದು ಹೆತ್ತವರ ಕರ್ತವ್ಯ. ವಿದ್ಯಾರ್ಥಿವೇತನವನ್ನು ಬಹುಮಟ್ಟಿಗೆ ವರ್ಷವರ್ಷವೂ ನವೀಕರಿಸಬೇಕೆಂಬುದನ್ನೂ, ಹಣ ಕೇಳುವ ಮಧ್ಯವರ್ತಿಗಳು ಬೇಡವೆಂಬುದನ್ನೂ ನೆನಪಿಡಬೇಕು.

ಮುಂದಿನ ನೂರು ವರ್ಷ

ಅಂದು ವಿಗಾರರ ಒಂದು ಸಹಿಯಿಂದ ಮಗುವಿನ ಭವಿಷ್ಯ ತೀರ್ಮಾನವಾಗುತ್ತಿತ್ತು. ಇಂದು ಆ ಸಹಿಗೆ ಅಂತಹ ಬೆಲೆಯಿಲ್ಲ. ಅದಕ್ಕಾಗಿ ನಾವು ದುಃಖಿಸುವುದಿಲ್ಲ. ಯಾರ ಕೃಪೆಯನ್ನೂ ಕಾಯದೆ ಮಗುವು ತನ್ನ ಹಕ್ಕನ್ನು ತಾನೇ ಕೇಳುವಂತಾದುದು ಒಳ್ಳೆಯದೇ. ಆದರೆ ಹಕ್ಕು ಉಂಟೆಂದು ತಿಳಿಸುವವರು ಬೇಕು, ಕೊನೆಯ ದಿನ ಯಾವುದೆಂದು ಕೇಳುವವರು ಬೇಕು. ವಾಳೆಯ ಗುರಿಕಾರರೂ, ಊರಿನ ವಿದ್ಯಾವಂತ ಯುವಕ ಯುವತಿಯರೂ ವರ್ಷಕ್ಕೆ ಒಂದೆರಡು ಭಾನುವಾರಗಳನ್ನು ಇದಕ್ಕಾಗಿ ಮೀಸಲಿಟ್ಟರೆ, ಕ್ರೈಸ್ತರೆಂದು ಇತರರೆಂದು ಭೇದವೆಣಿಸದೆ ನೆರೆಮನೆಯ ಎಲ್ಲ ಮಕ್ಕಳ ಅರ್ಜಿಗಳನ್ನು ತುಂಬಿಸಿಕೊಟ್ಟರೆ, ಶತಮಾನೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇಡ. ‘ಹಬ್ಬ ಕಳೆದ ಮೇಲೆ ಬಾ’ ಎಂಬ ಮಾತನ್ನು ಇನ್ನು ಯಾವ ಮಗುವೂ ನಮ್ಮ ಬಾಗಿಲಲ್ಲಿ ಕೇಳದಿರಲಿ.