ಕಲ್ಪಿತ ಯಂತ್ರಗಳ ಸಂಭಾಷಣೆಯೂ ಅದರ ಮಿತಿಯೂ

ಮಹಾಗಣಕಗಳ ವೇಗವನ್ನೂ ಸಾಮರ್ಥ್ಯವನ್ನೂ ಹೊಗಳಿದವರು ಬಹುಮಂದಿ. ಒಂದೇ ಗಣಕದೊಳಗೆ ನೆಲಸಿದ ಹಲವು ಕಲ್ಪಿತ ಯಂತ್ರಗಳು ಪರಸ್ಪರ ಮಾತನಾಡುವುದಕ್ಕೆ ಪಟ್ಟ ಪಾಡನ್ನು ವಿವರಿಸಿದವರು ವಿರಳ.

ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವಿಜ್ಞಾನಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಮೊದಲಾದವರು ರಚಿಸಿದ ಸಿ.ಪಿ.-40 ಎಂಬ ನಿಯಂತ್ರಕ ತಂತ್ರಾಂಶವು 1967ನೆಯ ಇಸವಿಯ ಜನವರಿಯಲ್ಲಿ ಬಳಕೆಗೆ ಬಂದಿತು. ಅದು ಒಂದು ಗಣಕವನ್ನೇ 14 ಗಣಕಗಳಂತೆ ತೋರಿಸುತ್ತಿದ್ದಿತು. ವಠಾರದ ಬಿಡಾರಗಳಂತೆ ಅವುಗಳ ನಡುವೆ ಗೋಡೆಗಳಿದ್ದುವು. ಒಂದರಲ್ಲಾದ ತಪ್ಪು ಇನ್ನೊಂದನ್ನು ತಾಕುತ್ತಿರಲಿಲ್ಲ. ಆದರೆ ಕಾಪಾಡುವ ಗೋಡೆಯೇ ಮಾತಿಗೂ ಅಡ್ಡವಾಯಿತು.

ಇದಕ್ಕೆ ಮೊದಲು ಕಂಡುಕೊಂಡ ಉಪಾಯವು ವಿನೋದಕರವಾದುದು. ಒಂದು ಯಂತ್ರವು ಇಲ್ಲದ ಕಾರ್ಡುಗಳಲ್ಲಿ ರಂಧ್ರಗಳನ್ನು ಕೊರೆಯುವುದು. ನಿಯಂತ್ರಕವು ಆ ಕಟ್ಟನ್ನು ನೆರೆಯ ಯಂತ್ರದ ವಾಚಕಕ್ಕೆ, ಅದೂ ಇಲ್ಲದ್ದೇ, ಸೇರಿಸುವುದು. ಕಾಗದವು ಮಾಯವಾದರೂ ಕಾರ್ಡಿನ 80 ಅಂಕಣಗಳು ಮಾತ್ರ ಉಳಿದುಕೊಂಡುವು! ಮುಂದೆ ಎಡ್ಸನ್ ಹೆಂಡ್ರಿಕ್ಸ್ ಮೊದಲಾದವರ ಶ್ರಮದಿಂದ ಈ ಕಟ್ಟುಗಳು ತಂತಿಯ ಮೂಲಕ ಪರವೂರಿನ ಗಣಕಗಳಿಗೂ ಹೋಗತೊಡಗಿದುವು.

1972ರಲ್ಲಿ ವಿ.ಎಂ./370 ಪ್ರಕಟವಾಯಿತು. ಅದರ ಸಂತತಿಯಲ್ಲಿ ಐ.ಯು.ಸಿ.ವಿ. ಎಂಬ ನೇರವಾದ ಮಾರ್ಗವು ಹುಟ್ಟಿತು. ಒಂದು ಯಂತ್ರವು ಸಂಪರ್ಕವನ್ನು ಬೇಡಬೇಕು, ಇನ್ನೊಂದು ಒಪ್ಪಬೇಕು. ಬೇಡವಾದಾಗ ಇಬ್ಬರಲ್ಲಿ ಯಾರಾದರೂ ಕಡಿದುಕೊಳ್ಳಬಹುದು. ಇಂತಹ ದಾರಿಗಳು ಎಷ್ಟಿರಬಹುದೆಂಬುದನ್ನು ಪ್ರತಿಯೊಂದು ಯಂತ್ರದ ಹೆಸರಿನ ಮುಂದೆ ದಾಖಲೆಯಲ್ಲಿ ಮ್ಯಾಕ್ಸ್‌ಕಾನ್ ಎಂಬ ಪದದೊಡನೆ ಬರೆದಿಡುವರು. ಬರೆಯದಿದ್ದರೆ 64, ಬರೆಯಬಹುದಾದ ಪರಮಾವಧಿ 65,535.

ಈ ಮಿತಿಯು ಜಿಪುಣತನವಲ್ಲ. ಪ್ರತಿಯೊಂದು ದಾರಿಯ ಲೆಕ್ಕವೂ ನಿಯಂತ್ರಕದ ಸ್ಮೃತಿಯಲ್ಲಿಯೇ ಇರತಕ್ಕುದು. ಆ ಸ್ಮೃತಿಯು ವಠಾರದ ಬಾವಿಯಂತೆ ಎಲ್ಲರಿಗೂ ಸೇರಿದುದು. ದಾರಿತಪ್ಪಿದ ಒಂದು ಕ್ರಮವಿಧಿಯು ಎಡೆಬಿಡದೆ ಸಂಪರ್ಕಗಳನ್ನು ಬೇಡುತ್ತಲೇ ಹೋದರೆ, ಬಾವಿ ಬತ್ತಿ ನೆರೆಯವರೆಲ್ಲರೂ ಕೆಡುವರು.

ಆದರೆ ಸಾಮಾನ್ಯ ಬಳಕೆದಾರನಿಗೆ ಧಾರಾಳವಾದ 64, ನೂರಾರು ಮಂದಿಗೆ ಸೇವೆ ಸಲ್ಲಿಸುವ ಯಂತ್ರಕ್ಕೆ ಸಾಲದು. ಹೊರಜಗತ್ತಿನ ಜಾಲವನ್ನು ನೋಡಿಕೊಳ್ಳುವ ಯಂತ್ರ, ಮಾಹಿತಿಕೋಶವನ್ನು ಕಾಯುವ ಯಂತ್ರ ಇಂತಹವು. 64 ಮಂದಿ ಒಳಹೊಕ್ಕ ಬಳಿಕ 65ನೆಯವನಿಗೆ ಬಾಗಿಲು ಮುಚ್ಚುವುದು. ಆಗ ಬರುವ ಸಂಕೇತವನ್ನು ಓದಬಲ್ಲವರು ಬೇಕು: 13 ಎಂದರೆ ಕೇಳಿದವನ ಎಣಿಕೆ ತುಂಬಿತು, 14 ಎಂದರೆ ಕೇಳಿಸಿಕೊಂಡವನದು. ಎರಡನೆಯದರಲ್ಲಿ ಬಳಕೆದಾರನ ತಪ್ಪೇನೂ ಇಲ್ಲ. ದಾಖಲೆಯನ್ನು ತಿದ್ದಿದರೂ ಒಡನೆಯೇ ಫಲವಿಲ್ಲ. ಸೇವಾಯಂತ್ರವು ಒಮ್ಮೆ ಹೊರಹೋಗಿ ಮರಳಿ ಬಂದ ಮೇಲೆಯೇ ಹೊಸ ಎಣಿಕೆ ನಡೆಯುವುದು. ಒಬ್ಬನಿಗೆ ಎಡೆಮಾಡುವುದಕ್ಕಾಗಿ ಒಳಗಿನ 64 ಮಂದಿಯನ್ನೂ ಎಬ್ಬಿಸಬೇಕಾಗುವುದು. ಈ ವಿಷಯದಲ್ಲಿ ಮುಂಧೋರಣೆಯಿಲ್ಲದ ಆಡಳಿತಗಾರನು ಪಶ್ಚಾತ್ತಾಪ ಪಡದೆ ಇರನು.

ಹಳೆಯ ಕಾರ್ಡಿನ ದಾರಿಯಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ. ಕಳುಹಿಸಿದ್ದು ಬಂದು ಬೀಳುತ್ತಿದ್ದಿತು. 1987ರ ಡಿಸೆಂಬರಿನಲ್ಲಿ ಜರ್ಮನಿಯ ವಿಶ್ವವಿದ್ಯಾಲಯವೊಂದರಿಂದ ಹೊರಟ ಚಿಕ್ಕ ಕ್ರಮವಿಧಿಯೊಂದು, ತೆರೆಯ ಮೇಲೆ ಕ್ರಿಸ್ಮಸ್ ಮರವನ್ನು ಬಿಡಿಸಿ ತೋರಿಸುತ್ತ, ಅದನ್ನು ನಡೆಯಿಸಿದವನ ಪರಿಚಿತರೆಲ್ಲರಿಗೂ ತನ್ನ ಪ್ರತಿಗಳನ್ನು ಕಳುಹಿಸಿತು. ಯೂರೋಪು ಅಮೆರಿಕಗಳ ವಿದ್ಯಾಲಯಜಾಲಗಳನ್ನು ದಾಟಿ ಅದು ಐ.ಬಿ.ಎಂ. ಸಂಸ್ಥೆಯ ಸ್ವಂತ ಜಾಲವನ್ನು ಹೊಕ್ಕಿತು. ಕೆಲವೇ ದಿನಗಳಲ್ಲಿ ಅಲ್ಲಿ ಈ ಕಟ್ಟುಗಳು ತುಂಬಿ, ಸಾಗಬೇಕಾದ ಕೆಲಸದ ಕಾಗದಗಳೆಲ್ಲ ಅವುಗಳ ಹಿಂದೆ ನಿಂತುಹೋದುವು.