ಟನ್ ಎಂದರೆ ತೂಕವಲ್ಲ, ಕೂಸು ಪ್ರಯಾಣಿಕನಲ್ಲ!

ಟೈಟಾನಿಕ್ ಹಡಗು 1912ರ ಏಪ್ರಿಲ್‌ನಲ್ಲಿ ಮುಳುಗಿದಾಗ ಅದರಲ್ಲಿದ್ದವರು ಸುಮಾರು 2,200 ಮಂದಿ. ಜೀವರಕ್ಷಕ ದೋಣಿಗಳಲ್ಲಿ ಜಾಗವಿದ್ದದ್ದು 1,178 ಮಂದಿಗೆ ಮಾತ್ರ. ಹಾಗಾದರೆ ಹಡಗಿನ ಒಡೆಯರು ಕಾನೂನು ಮುರಿದಿದ್ದರೇ? ಇಲ್ಲ. ಕಾನೂನು ಕೇಳಿದ್ದು 16 ದೋಣಿ. ಟೈಟಾನಿಕ್‌ನಲ್ಲಿ 20 ಇದ್ದವು!

ಈ ವಿಚಿತ್ರದ ಮೂಲ ಒಂದು ಪದದಲ್ಲಿದೆ. ಅದು 'ಟನ್'. ದೋಣಿಗಳ ಸಂಖ್ಯೆಯನ್ನು ಬ್ರಿಟಿಷ್ ನಿಯಮ ನಿರ್ಧರಿಸುತ್ತಿದ್ದುದು ಜನರ ತಲೆ ಎಣಿಸಿ ಅಲ್ಲ, ಹಡಗಿನ 'ಗ್ರಾಸ್ ಟನ್' ನೋಡಿ. ಈ ಟನ್ ತೂಕವೂ ಅಲ್ಲ. ದ್ರಾಕ್ಷಾರಸದ ದೊಡ್ಡ ಪೀಪಾಯಿಗೆ ಇಂಗ್ಲಿಷಿನಲ್ಲಿದ್ದ ಹೆಸರಿನಿಂದ ಹುಟ್ಟಿದ ಈ ಪದ, ಹಡಗಿನೊಳಗಿನ ಜಾಗದ ಅಳತೆ. ಆಗಿನ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ಟನ್. 1894ರಲ್ಲಿ ಅತಿ ದೊಡ್ಡ ಪ್ರಯಾಣಿಕರ ಹಡಗುಗಳೇ ಸುಮಾರು 13 ಸಾವಿರ ಟನ್ ಇದ್ದುದರಿಂದ ನಿಯಮದ ಪಟ್ಟಿ '10 ಸಾವಿರ ಟನ್ ಮತ್ತು ಮೇಲ್ಪಟ್ಟು' ಎಂಬಲ್ಲಿಗೆ ನಿಂತಿತು. 46,328 ಟನ್ನಿನ ಟೈಟಾನಿಕ್‌ಗೂ ಅದೇ ಸಾಲು ಅನ್ವಯವಾಯಿತು. ಇದ್ದ ದೋಣಿಗಳೂ ಪೂರ್ತಿ ತುಂಬದೆ ಹೋದದ್ದು ಬೇರೆಯೇ ದುರಂತ. ಸತ್ತವರು ಸುಮಾರು 1,500 ಮಂದಿ.

1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸೇರಿದ ರಾಷ್ಟ್ರಗಳು ಲೆಕ್ಕವನ್ನು ತಿರುಗಿಸಿದವು. ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಜಾಗವಿರಬೇಕು ಎಂಬ ತತ್ತ್ವ ಒಪ್ಪಂದಕ್ಕೆ ಬಂತು. ಮಹಾಯುದ್ಧದಿಂದಾಗಿ ಆ ಒಪ್ಪಂದ ಜಾರಿಯಾಗಲಿಲ್ಲ. ಆದರೆ 1929, 1948, 1960 ಮತ್ತು 1974ರ 'ಸೋಲಾಸ್' ಒಪ್ಪಂದಗಳಿಗೆ ಅದೇ ತಳಹದಿ.

ಜನರನ್ನು ಎಣಿಸಲು ಹೊರಟ ಮೇಲೆ 'ಪ್ರಯಾಣಿಕ' ಯಾರೆಂದು ಹೇಳಲೇಬೇಕಲ್ಲ? 1974ರ ಒಪ್ಪಂದದ ಪ್ರಕಾರ ಕಪ್ತಾನ, ನಾವಿಕರು ಹಾಗೂ ಹಡಗಿನ ಕೆಲಸದಲ್ಲಿರುವವರನ್ನು ಬಿಟ್ಟು ಉಳಿದವರೆಲ್ಲ ಪ್ರಯಾಣಿಕರು. ಒಂದು ವರ್ಷ ತುಂಬದ ಕೂಸು ಮಾತ್ರ ಈ ಎಣಿಕೆಗಿಲ್ಲ. ಹಾಗೆಂದು ಅದಕ್ಕೆ ರಕ್ಷಣೆ ಇಲ್ಲವೆಂದಲ್ಲ. ಕೂಸುಗಳಿಗೆಂದೇ ಬೇರೆ ಅಳತೆಯ ಜೀವರಕ್ಷಕ ಜಾಕೆಟ್ ಇಡಬೇಕೆಂಬ ನಿಯಮವಿದೆ. 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು 'ಪ್ರಯಾಣಿಕರ ಹಡಗು'. ಹದಿಮೂರನೆಯವನು ಹತ್ತಿದರೆ ಸರಕು ಹಡಗಿಗೆ ಹೊಸ ಹೆಸರು, ಹೆಚ್ಚು ಬಿಗಿಯಾದ ಕಟ್ಟಳೆ!

ವ್ಯಾಖ್ಯೆ ಕೆಲವರನ್ನು ಹೊರಗೂ ಇಡುತ್ತದೆ. 500 ಟನ್ನೇಜ್‌ಗಿಂತ ಚಿಕ್ಕ ಸರಕು ಹಡಗು, ಮೀನುಗಾರಿಕೆ ದೋಣಿ, ಹಳೆಯ ಮಾದರಿಯ ಮರದ ಹಡಗು, ಯಂತ್ರಬಲವಿಲ್ಲದ ಹಡಗುಗಳಿಗೆ ಸೋಲಾಸ್ ನಿಯಮಗಳು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುತ್ತ ಬಂದ ಮರದ ಮಂಜಿಗಳನ್ನು ನೆನೆದರೆ ಇದರ ಅರ್ಥ ಗೊತ್ತಾದೀತು. ಇಂಥವುಗಳ ಸುರಕ್ಷತೆಯನ್ನು ಆಯಾ ದೇಶದ ಕಾನೂನೇ ನೋಡಿಕೊಳ್ಳಬೇಕು.

ಕಾನೂನಿನ ಆರಂಭದಲ್ಲಿ ಬರುವ ವ್ಯಾಖ್ಯೆಗಳ ಪುಟವನ್ನು ಓದುಗರು ಮಗುಚಿ ಮುಂದೆ ಹೋಗುವುದೇ ರೂಢಿ. ಆದರೆ ದೋಣಿಯಲ್ಲಿ ಯಾರಿಗೆ ಜಾಗ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಆ ಪುಟದಲ್ಲೇ.