ಹಾಸುಗಲ್ಲಿನ ಮೇಲಿನ ನಾಡು: ರಾವೂರ ಸುತ್ತಲಿನ ನೆಲ, ಜನ, ಆಡಳಿತ ಮತ್ತು ಆದಾಯ

ಕಲಬುರಗಿ ಜಿಲ್ಲೆಯ ರಾವೂರ, ವಾಡಿ, ಶಹಾಬಾದ ಸುತ್ತಿನ ಫರ್ಸಿ ಗಣಿಗೆ ಇಳಿದರೆ ಮೇಲ್ಗಡೆ ಒಂದು ಪದರ ಕರಿಮಣ್ಣು, ಅದರ ಕೆಳಗೆ ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಮಲಗಿದ ಬೂದುಗಲ್ಲು ಕಾಣುತ್ತದೆ. ಕೆಲಸಗಾರ ಕಲ್ಲಿನ ಅಂಚಿನಲ್ಲಿ ಸಂದು ಹುಡುಕಿ ಉಳಿ ಇಟ್ಟು, ಸುತ್ತಿಗೆಯಿಂದ ಒಂದೇ ಹದದಲ್ಲಿ ತಟ್ಟುತ್ತ ಸಾಗುತ್ತಾನೆ. ಪೆಟ್ಟಿನ ಸದ್ದು ಬದಲಾದದ್ದು ಕೇಳಿಸಿದ ಕೂಡಲೇ ಹಾರೆ ಹಾಕಿ ಮೀಟುತ್ತಾನೆ. ಆಳುದ್ದದ ಹಾಸುಗಲ್ಲು ಸೀಳದೆ ಇಡಿಯಾಗಿ ಎದ್ದು ಬರುತ್ತದೆ. ಈ ಭಾಗದ ಹಳೆಯ ಮನೆಗಳ ನೆಲ, ಗೋಡೆ, ಮಾಳಿಗೆಯ ಹೊದಿಕೆ, ಚರಂಡಿಯ ಮುಚ್ಚಳ ಎಲ್ಲವೂ ಈ ಕಲ್ಲೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಒಂದು ಘಟಕವಾಗಿ ಅಭ್ಯಾಸ ಮಾಡಲು ಹೊರಟವರು ಈ ಕಲ್ಲಿನಿಂದಲೇ ಆರಂಭಿಸಬೇಕು ಎಂಬುದು ಈ ಲೇಖನದ ನಿಲುವು. ಇಲ್ಲಿನ ಬೆಳೆ, ವಲಸೆ, ರೈಲುಹಳಿ, ಆಡಳಿತ ಎಲ್ಲಕ್ಕೂ ಅದರ ನಂಟಿದೆ. ಆ ಕಲ್ಲಿನಿಂದ ಹುಟ್ಟುವ ಹಣದಲ್ಲಿ ಕಲ್ಲಿರುವ ಊರಿಗೆ ಎಷ್ಟು ಸಿಗುತ್ತದೆ ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಸುಣ್ಣಕಲ್ಲು ಎನ್ನುತ್ತಾರೆ. ಜೀವಿಗಳು ಇನ್ನೂ ನೆಲಕ್ಕೆ ಬಾರದ ಕಾಲದಲ್ಲಿ ಆಳವಿಲ್ಲದ ಕಡಲಿನ ತಳದಲ್ಲಿ ಕುಳಿತ ಕೆಸರು ಇದು. ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ವರದಿಯಲ್ಲಿ ಈ ಸ್ತರಗಳನ್ನು ಬಣ್ಣಿಸಿದ್ದಾನೆ. ದಕ್ಷಿಣದಲ್ಲಿ ಇದರ ಕೆಳಗಿನಿಂದ ಗ್ರಾನೈಟು ಎದ್ದು ಬರುತ್ತದೆ. ಉತ್ತರದಲ್ಲಿ ದಖ್ಖನ್ನಿನ ಲಾವಾಶಿಲೆ ಇದನ್ನು ಮುಚ್ಚಿಕೊಂಡಿದೆ. ಚಿಂಚೋಳಿಯ ಕುಂಚಾವರಂ ಕಡೆಗೆ ಹೋದಂತೆ ಮಣ್ಣು ಕೆಂಪಾಗಿ ಜಂಬಿಟ್ಟಿಗೆ ಹೊರಳುತ್ತದೆ, ಕಾಡು ಸಿಗುತ್ತದೆ. 2011ರಲ್ಲಿ ಘೋಷಣೆಯಾದ 134.88 ಚದರ ಕಿ.ಮೀ. ವನ್ಯಧಾಮ ಅಲ್ಲೇ ಇದೆ. ತೆಲಂಗಾಣದಲ್ಲಿ ಹುಟ್ಟಿದ ಕಾಗಿಣಾ ನದಿ ಸೇಡಂ, ಮಳಖೇಡ ಹಾದು, ಬೆಣ್ಣೆತೊರೆ, ಮುಲ್ಲಾಮಾರಿಗಳನ್ನು ಕೂಡಿಸಿಕೊಂಡು ಶಹಾಬಾದ ಹತ್ತಿರದ ಹೊನಗುಂಟಾದಲ್ಲಿ ಭೀಮೆಗೆ ಸೇರುತ್ತದೆ. ಮಳೆ ಬಂದರೆ ತುಂಬಿ ಊರುಗಳ ದಾರಿ ಕಟ್ಟುವ ಹೊಳೆ, ಬೇಸಿಗೆಯಲ್ಲಿ ಕಲ್ಲಹಾಸಿನ ನಡುವೆ ಮಡುಗಳಾಗಿ ಉಳಿಯುತ್ತದೆ.

ಸುಣ್ಣದಂಶವಿರುವ ಈ ಕರಿಮಣ್ಣಿನ ಬೆಳೆ ತೊಗರಿ. ಜೂನ್–ಜುಲೈಯಲ್ಲಿ ಬಿತ್ತಿದರೆ ಡಿಸೆಂಬರ್–ಜನವರಿಯಲ್ಲಿ ರಾಶಿ. ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕೈಕೊಟ್ಟರೂ ಗಿಡ ತಡೆಯುತ್ತದೆ. ಆದರೆ ನೆಟೆ ರೋಗ ಬಿದ್ದರೆ ಹೊಲವೇ ಒಣಗಿ ನಿಲ್ಲುತ್ತದೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ದೊರೆತಾಗ ಮುಂದಿಟ್ಟ ಆಧಾರವೂ ಈ ಮಣ್ಣಿನ ಗುಣವೇ.

ತೊಗರಿಯ ಮೂಲ ಭಾರತ. ಇಲ್ಲಿಂದ ಅದು ಕಡಲು ದಾಟಿ ಆಫ್ರಿಕಕ್ಕೆ ಹೋಯಿತು. ಎದುರು ದಾರಿಯಲ್ಲಿ ಅಲ್ಲಿಂದ ಇಲ್ಲಿಗೆ ಜೋಳ ಬಂತು, ಸಜ್ಜೆ ಬಂತು. ಸಜ್ಜೆಯ ತವರು ಪಶ್ಚಿಮ ಆಫ್ರಿಕ. ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ಸುಮಾರು 4,500 ವರ್ಷಗಳ ಹಿಂದಿನ, ಪಳಗಿಸಿದ ಸಜ್ಜೆಯ ಕಾಳುಗಳ ಗುರುತು ಸಿಕ್ಕಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನ ನವಶಿಲಾಯುಗದ ನೆಲೆಯಲ್ಲಿ ದೊರೆತ ಸಜ್ಜೆ ಅದು ಕನ್ನಡ ನಾಡಿಗೆ ಎಷ್ಟು ಹಿಂದೆಯೇ ಬಂದಿತ್ತು ಎಂಬುದಕ್ಕೆ ಸಾಕ್ಷಿ. ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುವ ನಮ್ಮ ತಾಯಂದಿರು, ಅದೇ ಕಾಳಿನ ಹಿಟ್ಟನ್ನು ಸಂಗಟಿಯಂತೆ ತಿರುವಿ ‘ತೋ’ ಮಾಡುವ ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದ ತಾಯಂದಿರು ಒಂದೇ ಕೃಷಿಪರಂಪರೆಯ ಎರಡು ತುದಿಗಳಲ್ಲಿದ್ದಾರೆ. ಈ ಕೊಡುಕೊಳ್ಳುವಿಕೆ ಈಗ ಬೆಲೆಯ ಪ್ರಶ್ನೆಯಾಗಿದೆ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡ ಮೇಲೆ, ಪೂರ್ವ ಆಫ್ರಿಕದ ಬೆಳೆ ಕಲಬುರಗಿ ಮಾರುಕಟ್ಟೆಯ ಲೆಕ್ಕಾಚಾರದೊಳಕ್ಕೂ ಬಂದಿದೆ.

ಜನರ ವಿಷಯಕ್ಕೆ ಬಂದರೆ, ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ ಕೇಳಿಸುತ್ತವೆ. ಸೇಡಂ, ಚಿಂಚೋಳಿಗಳ ಪೂರ್ವದಂಚಿನಲ್ಲಿ ಮದುವೆ, ಸಂತೆ, ಆಸ್ಪತ್ರೆ ಎಲ್ಲಕ್ಕೂ ತಾಂಡೂರು, ಹೈದರಾಬಾದು ಹತ್ತಿರ. ಭಾಷೆಯೂ ಅತ್ತ ವಾಲುತ್ತದೆ. ಚಿಂಚೋಳಿಯ ತಾಂಡಾಗಳಿಂದ ಜನ ರಾಶಿ ಮುಗಿಯುತ್ತಲೇ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಮನೆಯಲ್ಲಿ ಮುದುಕರು, ಕೆಲವೊಮ್ಮೆ ಮಕ್ಕಳು ಮಾತ್ರ ಉಳಿಯುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಈ ಜಿಲ್ಲೆಯದು ಶೇ. 64.85. ಗುಳೆ ಹೋದ ಮನೆಯ ಮಗುವಿನ ಹಾಜರಿ ಪುಸ್ತಕವನ್ನು ನೋಡಿದವರಿಗೆ ಈ ಅಂತರದ ಒಂದು ಕಾರಣ ತಾನಾಗಿ ತಿಳಿಯುತ್ತದೆ.

ಆಡಳಿತದ ಇತಿಹಾಸದಲ್ಲಿ ಈ ನೆಲ ಒಮ್ಮೆ ಕೇಂದ್ರವಾಗಿತ್ತು, ಆಮೇಲೆ ಅಂಚಾಯಿತು. ಸನ್ನತಿಯ ಅಶೋಕ ಶಾಸನ, ಕನಗನಹಳ್ಳಿಯ ಸ್ತೂಪದ ಮೇಲೆ ಹೆಸರು ಸಮೇತ ಕೆತ್ತಿದ ಅಶೋಕನ ಮೂರ್ತಿ, ನಾಗಾವಿಯ ಘಟಿಕಾಸ್ಥಾನ ಇವೆಲ್ಲ ಚಿತ್ತಾಪುರ ಭಾಗದವು. ಕಾಗಿಣಾ ದಡದ ಮಳಖೇಡ ಅಂದರೆ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಒಂಬತ್ತನೆಯ ಶತಮಾನದ ಅರಬ್ ವ್ಯಾಪಾರಿ ಸುಲೇಮಾನನ ವೃತ್ತಾಂತ ರಾಷ್ಟ್ರಕೂಟ ದೊರೆಯನ್ನು ಬಾಗ್ದಾದಿನ ಖಲೀಫ, ಚೀನಾ ಮತ್ತು ಬೈಜಾಂಟಿಯಮ್ಮಿನ ಚಕ್ರವರ್ತಿಗಳ ಸಾಲಿನಲ್ಲಿ ಇಟ್ಟು ಹೇಳುತ್ತದೆ. 972ರಲ್ಲಿ ಪರಮಾರ ಸೀಯಕ ಆ ನಗರವನ್ನು ಲೂಟಿ ಮಾಡಿದ. ಇಂದು ಕೋಟೆಯ ಗೋಡೆಯಲ್ಲಿ ಉಳಿದಿರುವುದೂ ಇದೇ ಪದರಗಲ್ಲು.

ನಿಜಾಮರ ಕಾಲಕ್ಕೆ ಪಾಯಗಾ, ಜಹಗೀರು, ಸರ್ಕಾರಿ ಖಾಲ್ಸಾ ಜಮೀನುಗಳು ಬೆರೆತು ಒಂದು ಹಳ್ಳಿಗೆ ಒಂದು ಕಂದಾಯ, ಪಕ್ಕದ ಹಳ್ಳಿಗೆ ಇನ್ನೊಂದು. ದಫ್ತರದ ಭಾಷೆ ಉರ್ದು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಮರುವರ್ಷ ಜಹಗೀರುಗಳು ರದ್ದಾದವು. 1956ರಲ್ಲಿ ಹೈದರಾಬಾದ್ ರಾಜ್ಯವನ್ನೇ ಮೂರಾಗಿ ಹಂಚಲಾಯಿತು. ಇಲ್ಲಿ ಬುರ್ಕಿನಾ ಫಾಸೊದ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಅಪ್ಪರ್ ವೋಲ್ಟಾ ಎಂಬ ಹೆಸರಿನ ಆ ವಸಾಹತನ್ನು ಫ್ರೆಂಚರು 1932ರಲ್ಲಿ ಅಳಿಸಿ ನೆರೆಯ ಮೂರು ವಸಾಹತುಗಳಿಗೆ ಹಂಚಿದರು, 1947ರಲ್ಲಿ ಮತ್ತೆ ಕೂಡಿಸಿದರು. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು: ಅಲ್ಲಿ ಹಂಚಿಕೆಯಾದದ್ದು ಕರಾವಳಿಯ ತೋಟಗಳಿಗೆ ಕೂಲಿಗಳು ಸುಲಭವಾಗಿ ಸಿಗಲೆಂದು, ಇಲ್ಲಿ ಆದದ್ದು ಭಾಷೆಯ ಆಧಾರದ ಮೇಲೆ, ಜನರು ಬೇಡಿ ಪಡೆದದ್ದು. ಆದರೂ ಕಡಲಿಲ್ಲದ ಒಳನಾಡು, ಎಲ್ಲೋ ಇರುವ ರಾಜಧಾನಿ, ದುಡಿಯಲು ಹೊರಗೆ ಹೋಗುವ ಜನ ಎಂಬ ಮೂರು ಲಕ್ಷಣಗಳು ಎರಡೂ ಕಡೆ ಇವೆ.

ನಾಲ್ಕನೆಯ ಲಕ್ಷಣ ರೈಲು. ಐವರಿ ಕೋಸ್ಟಿನ ಬಂದರಿನಿಂದ ಹೊರಟ ಹಳಿ ಬುರ್ಕಿನಾ ಫಾಸೊದ ರಾಜಧಾನಿ ಔಗಡೂಗುವನ್ನು ಮುಟ್ಟಿದ್ದು 1954ರಲ್ಲಿ. ವಾಡಿಗೆ ಆ ಭಾಗ್ಯ ಬಹಳ ಮೊದಲೇ ಬಂತು: 1874ರಲ್ಲಿ ನಿಜಾಮರ ಹಣದಿಂದ ವಾಡಿ–ಸಿಕಂದರಾಬಾದ್ ಹಳಿ ತೆರೆದಾಗ, ಮುಂಬೈ–ಮದರಾಸು ದಾರಿಯ ಈ ನಿಲ್ದಾಣ ಜಂಕ್ಷನ್ ಆಯಿತು. ಹಳಿ ಬಂದುದರಿಂದ ಶಹಾಬಾದ್ ಕಲ್ಲು ದೂರದ ಊರುಗಳ ನೆಲಗಳಿಗೆ ಹೋಯಿತು, ಆಮೇಲೆ ಸಿಮೆಂಟು ಬಂತು. 1936ರಲ್ಲಿ ಎ.ಸಿ.ಸಿ. ಸಿಮೆಂಟ್ ಕಂಪನಿ ಹುಟ್ಟಿದಾಗ ಅದರಲ್ಲಿ ವಿಲೀನವಾದ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ ಕಾರ್ಖಾನೆಗಳು, ಈಚೆಗೆ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಇನ್ನಷ್ಟು.

ಇಷ್ಟೆಲ್ಲ ಇದ್ದೂ, 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಎರಡು ಬಾರಿ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಚಿಂಚೋಳಿಯವರು. ಅದೇ ಚಿಂಚೋಳಿಯ ವೈಜನಾಥ ಪಾಟೀಲರು ದಶಕಗಳ ಕಾಲ ಹೋರಾಡಿದ ಫಲವಾಗಿ, ಸಂವಿಧಾನದ 98ನೆಯ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. ಅದರಿಂದ ಈ ಭಾಗದ ಮಕ್ಕಳಿಗೆ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳು, ಸರ್ಕಾರಿ ನೌಕರಿಗಳು ಸಿಕ್ಕವು. ಅದು ದೊಡ್ಡ ಗೆಲುವು, ಅದನ್ನು ಕಡಿಮೆ ಮಾಡಿ ಹೇಳುವವರ ಜೊತೆ ನಾನಿಲ್ಲ. ಆದರೆ 371(ಜೆ) ಸೀಟು ಮತ್ತು ನೌಕರಿಯನ್ನು ಮುಟ್ಟಿತು, ಕಲ್ಲಿನ ಹಣವನ್ನು ಮುಟ್ಟಲಿಲ್ಲ.

ಆ ಹಣದ ಲೆಕ್ಕವನ್ನು ಒಂದು ಚೀಲದಲ್ಲಿ ತೋರಿಸಬಹುದು. ಒಂದು ಟನ್ ಸಾದಾ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಅಂದರೆ 50 ಕಿಲೋ ಚೀಲಕ್ಕೆ 75 ಕಿಲೋ. 2014ರಲ್ಲಿ ನಿಗದಿಯಾದ ದರದಂತೆ ಸುಣ್ಣಕಲ್ಲಿನ ರಾಜಧನ ಟನ್ನಿಗೆ 80 ರೂಪಾಯಿ, ಚೀಲಕ್ಕೆ 6 ರೂಪಾಯಿ. 2015ರ ಗಣಿ ತಿದ್ದುಪಡಿ ಕಾಯ್ದೆಯಡಿಯ ನಿಯಮಗಳಂತೆ ಇದರ ಮೇಲೆ ಹಳೆಯ ಗುತ್ತಿಗೆಗಳು ಶೇ. 30ರಷ್ಟು, ಹರಾಜಿನ ಗುತ್ತಿಗೆಗಳು ಶೇ. 10ರಷ್ಟು ಮೊತ್ತವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಚೀಲಕ್ಕೆ 1 ರೂಪಾಯಿ 80 ಪೈಸೆ, ಇಲ್ಲವೇ 60 ಪೈಸೆ. ಗಣಿಯಿಂದ ಬಾಧೆಗೊಳಗಾದ ಊರುಗಳಿಗೆಂದೇ ಕಾನೂನು ಎತ್ತಿಟ್ಟ ಪಾಲು ಇದು. ಅದನ್ನು ಖರ್ಚು ಮಾಡುವ ನಿರ್ಧಾರವಾದರೂ ಆಗುವುದು ಜಿಲ್ಲಾ ಕೇಂದ್ರದ ಸಭೆಯಲ್ಲಿ.

ಅದೇ 2015ರಲ್ಲಿ ಬುರ್ಕಿನಾ ಫಾಸೊ ಹೊಸ ಗಣಿ ಸಂಹಿತೆ ತಂದಿತು. 2009ರಿಂದ ಹತ್ತಿಯನ್ನು ಹಿಂದಿಕ್ಕಿ ಚಿನ್ನವೇ ಆ ದೇಶದ ಮೊದಲ ರಫ್ತು. ಗಣಿ ಕಂಪನಿಗಳ ವಹಿವಾಟಿನ ಶೇ. 1, ಸರ್ಕಾರಕ್ಕೆ ಬರುವ ರಾಜಧನದ ಶೇ. 20 ಸೇರಿಸಿ ಸ್ಥಳೀಯ ಅಭಿವೃದ್ಧಿ ನಿಧಿ ಮಾಡಿ, ಅದನ್ನು ಕಮ್ಯೂನುಗಳ, ಪ್ರಾಂತಗಳ ಯೋಜನೆಗೇ ಕೊಡಬೇಕೆಂದು ಅಲ್ಲಿನ ಕಾನೂನು ಹೇಳಿತು. 2022ರ ಸೇನಾ ಕ್ರಾಂತಿಗಳ ನಂತರ ಅಲ್ಲಿ ಚುನಾಯಿತ ಸ್ಥಳೀಯ ಮಂಡಳಿಗಳು ಉಳಿಯಲಿಲ್ಲ. ಹಣ ಬಂದರೂ ಅದನ್ನು ಕೇಳಿ ಪಡೆಯುವ ಪ್ರತಿನಿಧಿ ಇಲ್ಲ. ನಮ್ಮಲ್ಲಿ ಪ್ರತಿನಿಧಿ ಇದ್ದಾನೆ, ಗ್ರಾಮಸಭೆ ಇದೆ, ಹಣವೊಂದು ಅವರ ಕೈಗೆ ಬರುವುದಿಲ್ಲ. ಬಡ ದೇಶವೊಂದರ ಕಾನೂನಿನಿಂದ ಕಲಿಯಲು ನಮಗೆ ಸಂಕೋಚ ಬೇಡ.

2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ತೀರ್ಪು ಕೊಟ್ಟಿದೆ. ಹಾಗೆ ಬರುವ ತೆರಿಗೆಯಲ್ಲೂ, ಖನಿಜ ಪ್ರತಿಷ್ಠಾನದ ಹಣದಲ್ಲೂ ಒಂದು ನಿಶ್ಚಿತ ಪಾಲು ಕಲ್ಲು ತೆಗೆದ ಗ್ರಾಮ ಪಂಚಾಯಿತಿಯ ಖಾತೆಗೆ ನೇರ ಜಮೆಯಾಗಬೇಕು. ಯಾವ ಊರಿನಿಂದ ಎಷ್ಟು ಟನ್ ಹೋಯಿತು, ಎಷ್ಟು ರೂಪಾಯಿ ಬಂತು ಎಂಬುದನ್ನು ಪ್ರತಿ ವರ್ಷ ಆ ಊರಿನ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು. ಈ ಭಾಗದ ಶಾಸಕರು, ಪಂಚಾಯಿತಿ ಸದಸ್ಯರು, ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದವರು ಈ ಲೆಕ್ಕವನ್ನು ಮೊದಲು ರಾವೂರಿನಿಂದ ಕೇಳಲು ಆರಂಭಿಸಲಿ.